ಗಿಂಜಾದ ಗುಂಡಿ, ಹುಬ್ಬಳ್ಳಿಯ ಕೋಟು

ಟೋಕಿಯೊದಿಂದ ಮರಳಿ ನಾಲ್ಕು ತಿಂಗಳಾಯಿತು. ಮಾಸ್ತರರ ಕಪಾಟಿನಲ್ಲಿ ತಿಳಿನೀಲಿ ಅಂಗಿಯೊಂದು ಮಡಿಕೆ ಬಿಚ್ಚದೆ ಕೂತಿದೆ. ಅಂಗಿ ಹೊಲಿದದ್ದು ಅವರೇ, ಕಾಜಾ ಮಾಡಿದ್ದು ಅವರೇ. ಬಲತೋಳಿನ ಕಫ್‌ನಲ್ಲಿರುವ ಒಂದು ಗುಂಡಿ ಮಾತ್ರ ಅವರು ಹಚ್ಚಿದ್ದಲ್ಲ. ಅದನ್ನು ಹಚ್ಚಿದ್ದು ಟೋಕಿಯೊದ ಇಂಪೀರಿಯಲ್ ಹೋಟೆಲಿನ ಲಾಂಡ್ರಿಯಲ್ಲಿ, ಅವರೆಂದೂ ಮುಖ ನೋಡದ ಯಾರೋ ಒಬ್ಬರು. ಮನೆಯವರು ಎರಡು ಸಲ ಆ ಅಂಗಿಯನ್ನು ಹೊರತೆಗೆದು ಮಂಚದ ಮೇಲಿಟ್ಟರು. ಎರಡು ಸಲವೂ ಮಾಸ್ತರು ಅದನ್ನು ಮೊದಲಿದ್ದಲ್ಲೇ ಇಟ್ಟು ಬಂದರು.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಗಲ್ಲಿಯಲ್ಲಿ ಅವರು 41 ವರ್ಷ ಟೇಲರ್ ಅಂಗಡಿ ನಡೆಸಿದವರು. ಕಟಿಂಗ್ ಮಾಡುವವರನ್ನು ಮಾಸ್ತರ್ ಎನ್ನುವುದು ಆ ಕಸುಬಿನ ರೂಢಿ. ಈಗ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಕಿರಿಯ ಮಗಳು ಕಂಪನಿ ಕೆಲಸದ ಮೇಲೆ ಒಂದು ವರ್ಷದ ಮಟ್ಟಿಗೆ ಟೋಕಿಯೊದಲ್ಲಿದ್ದಳು. ಮೊಣಕಾಲು ನೋವಿನಿಂದ ತಾಯಿ ಹೊರಡಲಿಲ್ಲ. ಮಾಸ್ತರು ಒಬ್ಬರೇ ಹೋದರು, ಎರಡು ವಾರ ಮಗಳ ಒಂದೇ ಕೋಣೆಯ ಮನೆಯಲ್ಲಿ ಕಳೆದರು. ಕೊನೆಯ ಎರಡು ರಾತ್ರಿಯನ್ನು ಇಂಪೀರಿಯಲ್‌ನಲ್ಲಿ ಕಳೆಯಬೇಕೆಂಬುದು ಮಗಳ ಹಟ. ಜೀವನವಿಡೀ ದೊಡ್ಡವರ ಬಟ್ಟೆ ಹೊಲಿದ ಅಪ್ಪ ಒಮ್ಮೆ ದೊಡ್ಡವರು ಇಳಿಯುವ ಕಡೆ ಇಳಿಯಲಿ ಎಂಬ ಆಸೆ ಅವಳದು.

ಅಂದು 2025ರ ಏಪ್ರಿಲ್ 4, ಶುಕ್ರವಾರ. ಸಕುರಾ ಹೂವು ನಗರದ ತುಂಬ ಅರಳಿದ್ದ ವಾರ.

ಟ್ಯಾಕ್ಸಿಯ ಬಾಗಿಲು ತಾನಾಗಿ ತೆರೆದುಕೊಂಡಿತು. ಬಿಳಿ ಕೈಗವಸಿನ ದ್ವಾರಪಾಲಕ ಚೀಲ ಎತ್ತಿಕೊಂಡು ಬಾಗಿ ನಮಸ್ಕರಿಸಿದ. ಮಾಸ್ತರರ ಕೈ ಅಂಗಿಯ ಜೇಬಿಗೆ ಹೋಯಿತು. ಮಗಳು ಮೆಲ್ಲಗೆ ಆ ಕೈ ಹಿಡಿದಳು. “ಬ್ಯಾಡ್ರಿ ಅಪ್ಪಾ, ಇಲ್ಲೆ ಯಾರೂ ಭಕ್ಷೀಸು ತಗೊಳ್ಳಂಗಿಲ್ಲ.” ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಆದರೆ ಈ ಹೋಟೆಲಿನ ದ್ವಾರಪಾಲಕರ ಜೇಬಿನಲ್ಲಿ ಅತಿಥಿಗಳಿಗಾಗಿಯೇ ಹಣವಿರುತ್ತದೆ: 5,000 ಯೆನ್‌ನ ಒಂದು ನೋಟು, 1,000ದ ಐದು. ಟ್ಯಾಕ್ಸಿಯಿಂದ ಇಳಿಯುವವರ ಬಳಿ 10,000ದ ನೋಟು ಮಾತ್ರ ಇದ್ದರೆ ಚಾಲಕನೆದುರು ಚಿಲ್ಲರೆಗೆ ಪರದಾಡಬಾರದಲ್ಲ, ಅದಕ್ಕೆ. ಮಗಳು ಇದನ್ನು ಹೇಳಿದಾಗ ಮಾಸ್ತರು ತಿರುಗಿ ನಿಂತು ಆ ಹುಡುಗನ ಕೋಟಿನ ಜೇಬನ್ನು ನೋಡಿದರು. ನೋಟುಗಳಿದ್ದರೂ ಜೇಬು ಉಬ್ಬಿರಲಿಲ್ಲ. ಅವರಿಗೆ ಮೊದಲು ಕಂಡದ್ದು ಅದು.

ಇಂಪೀರಿಯಲ್ ಹೋಟೆಲು ಹುಟ್ಟಿದ್ದು 1890ರಲ್ಲಿ. ಪಶ್ಚಿಮದ ದೇಶಗಳಿಂದ ಬರುವ ಅತಿಥಿಗಳನ್ನು ಇಳಿಸಲು ಯೋಗ್ಯವಾದ ಮನೆಯೊಂದು ರಾಜಧಾನಿಯಲ್ಲಿರಬೇಕು ಎಂದು ವಿದೇಶಾಂಗ ಮಂತ್ರಿ ಇನೊಯೆ ಕವೊರು ಒತ್ತಾಯಿಸಿದರು. ಶಿಬುಸಾವಾ ಎಯಿಚಿ, ಓಕುರಾ ಕಿಹಾಚಿರೊ ಮುಂತಾದ ಉದ್ಯಮಿಗಳು ಬಂಡವಾಳ ಕೂಡಿಸಿದರು. ಒಂದು ಪಕ್ಕಕ್ಕೆ ಹಿಬಿಯಾ ಉದ್ಯಾನ, ಅದರಾಚೆ ಅರಮನೆಯ ಕಂದಕ. ಇನ್ನೊಂದು ಪಕ್ಕಕ್ಕೆ ರೈಲು ಹಳಿಯ ಕೆಳಗಿಂದ ದಾಟಿ ಐದಾರು ನಿಮಿಷ ನಡೆದರೆ ಗಿಂಜಾ. ಈಗಿರುವ 17 ಅಂತಸ್ತಿನ ಮುಖ್ಯ ಕಟ್ಟಡ 1970ರದು. ಪಕ್ಕದಲ್ಲಿ 1983ರಲ್ಲಿ ಎದ್ದಿದ್ದ ಟವರ್ 2024ರ ಜೂನ್ ಕೊನೆಗೆ ಮುಚ್ಚಿದೆ, ಅದನ್ನು ಕೆಡವಿ ಹೊಸದು ಕಟ್ಟುತ್ತಾರೆ. ಮುಂದಿನ ದಶಕದಲ್ಲಿ ಮುಖ್ಯ ಕಟ್ಟಡದ್ದೂ ಇದೇ ಸರದಿ. ಅದರ ವಿನ್ಯಾಸವನ್ನು ತ್ಸುಯೋಷಿ ತಾನೆ ಎಂಬ ವಾಸ್ತುಶಿಲ್ಪಿಗೆ ಆಗಲೇ ಒಪ್ಪಿಸಿದ್ದಾರೆ.

ಲಾಬಿಯ ಒಂದು ಗೋಡೆ ಪೂರ್ತಿ ಬಣ್ಣದ ಗಾಜಿನ ಇಟ್ಟಿಗೆ. ಮಿನಾಮಿ ತಾದಾ ಎಂಬ ಕಲಾವಿದೆಯ ಕೃತಿ, ಹೆಸರು ‘ಬೆಳಗು’. ಲಿಫ್ಟಿನೊಳಗೆ ಒಂದೇ ಒಂದು ಹಸಿ ಗುಲಾಬಿ ಇಟ್ಟಿದ್ದರು. ಕೋಣೆಯಲ್ಲಿ ಚಿನ್ನದ ಲೇಪ, ಪಳಪಳಿಸುವ ಪರದೆ ಏನೂ ಇರಲಿಲ್ಲ. ಮದುವೆ ಮಂಟಪದಂಥದ್ದನ್ನು ನಿರೀಕ್ಷಿಸಿದ್ದ ಮಾಸ್ತರರಿಗೆ ಮೊದಲು ತುಸು ನಿರಾಸೆಯಾಯಿತು. ಆಮೇಲೆ ಹಾಸಿಗೆಯ ಚಾದರದ ಮೂಲೆ ಎತ್ತಿ ನೋಡಿದರು. ಹೊಲಿಗೆ ಎಲ್ಲಿಯೂ ಓರೆಯಾಗಿರಲಿಲ್ಲ, ಮೂಲೆಯಲ್ಲಿ ದಪ್ಪ ಗಂಟಾಗಿರಲಿಲ್ಲ. ಪರದೆಯ ಅಂಚು, ಸೋಫಾದ ಹಿಂಬದಿ, ಚಪ್ಪಲಿಯ ಒಳಪದರ ಎಲ್ಲ ನೋಡಿ ಆದ ಮೇಲೆ ಕುರ್ಚಿಯಲ್ಲಿ ಕೂತರು. ಯಾರ ಕಣ್ಣಿಗೂ ಬೀಳದ ಕಡೆ ಕೆಲಸ ಚೆನ್ನಾಗಿದ್ದರೆ ಆ ಮನೆಯನ್ನು ನಂಬಬಹುದು ಎಂದು ಅವರು ಶಾಗಿರ್ದರಿಗೆ ಹೇಳುತ್ತ ಬಂದವರು.

ಪ್ರಯಾಣದಲ್ಲಿ ಅವರ ನೀಲಿ ಅಂಗಿಯ ಕಫ್ ಗುಂಡಿ ಒಡೆದು ಬಿದ್ದಿತ್ತು. ಚೀಲದಲ್ಲಿ ಸೂಜಿ–ದಾರ ಇತ್ತು, ಆ ಬಣ್ಣದ ಗುಂಡಿ ಇರಲಿಲ್ಲ. ಮಗಳು ಅಂಗಿಯನ್ನು ಲಾಂಡ್ರಿ ಚೀಲಕ್ಕೆ ಹಾಕಿದಳು.

“ಅರಿವಿ ಒಗ್ಯಾಕ ಇಲ್ಲಿ ಯಾಕ ಕೊಡ್ತಿ, ಮನಿಗೆ ಹೋಗಿ ಒಗದ್ರಾತು.”

“ಕೊಟ್ಟು ನೋಡೂಣ್ರಿ. ಇವರ ಲಾಂಡ್ರಿಗೆ ಭಾಳ ಹೆಸರೈತಿ.”

ಹೆಸರಿರುವುದು ನಿಜ. ಹೋಟೆಲಿನೊಳಗೇ ಬಟ್ಟೆ ಒಗೆಯುವ ವ್ಯವಸ್ಥೆ ಅಲ್ಲಿ ಶುರುವಾದದ್ದು 1911ರಲ್ಲಿ, ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದವರ ಕೊಳೆಬಟ್ಟೆಗಾಗಿ. 1995ರ ಹಾಲಿವುಡ್ ಚಿತ್ರ ‘ಜಾನಿ ನೆಮಾನಿಕ್’ನಲ್ಲಿ ನಾಯಕ ಕಿಯಾನು ರೀವ್ಸ್ ತನಗೆ ಬೇಕಾದ ಸುಖಗಳನ್ನು ಎಣಿಸುವಾಗ ಈ ಹೋಟೆಲಿನಲ್ಲಿ ಒಗೆದಂಥ ಅಂಗಿಯನ್ನೂ ಸೇರಿಸುತ್ತಾನೆ. ಉದುರಿದ ಗುಂಡಿಗೆ ಜೋಡಿ ಹುಡುಕಲು ಅಲ್ಲಿ ಸುಮಾರು 200 ಬಗೆಯ ಗುಂಡಿಗಳನ್ನು ಇಟ್ಟುಕೊಂಡಿದ್ದಾರೆ. ಈ ಕೊನೆಯ ಮಾತು ಕೇಳಿದ ಮೇಲೆ ಮಾಸ್ತರು ಚೀಲದ ದಾರವನ್ನು ತಾವೇ ಬಿಗಿದು ಕೊಟ್ಟರು.

ಸಂಜೆ ಇಬ್ಬರೂ ಗಿಂಜಾಕ್ಕೆ ನಡೆದರು.

‘ಗಿಂಜಾ’ ಎಂದರೆ ಬೆಳ್ಳಿಯ ಟಂಕಸಾಲೆ. ತೊಕುಗಾವಾ ಆಳ್ವಿಕೆಯ ಬೆಳ್ಳಿನಾಣ್ಯದ ಕಾರ್ಖಾನೆ 1612ರಲ್ಲಿ ಇಲ್ಲಿಗೆ ಬಂದಿತು. 1800ರಲ್ಲಿ ಅದು ಬೇರೆಡೆ ಹೋದರೂ ಹೆಸರು ಉಳಿಯಿತು. 1872ರ ಬೆಂಕಿಯಲ್ಲಿ ಮರದ ಮನೆಗಳು ಸುಟ್ಟುಹೋದಾಗ ಸರ್ಕಾರ ಥಾಮಸ್ ವಾಟರ್ಸ್ ಎಂಬ ಎಂಜಿನಿಯರನಿಂದ ಇಟ್ಟಿಗೆಯ ಕಟ್ಟಡಗಳ ಬೀದಿ ಮಾಡಿಸಿತು. ವಿಲಾಯತಿ ಸಾಮಾನು, ಗಡಿಯಾರ, ಕೋಟು, ಬ್ರೆಡ್ಡು ಎಲ್ಲ ಜಪಾನಿನ ಜನಕ್ಕೆ ಪರಿಚಯವಾದದ್ದು ಬಹುಪಾಲು ಈ ಬೀದಿಯಿಂದ. ಸುಮ್ಮನೆ ಗಿಂಜಾದಲ್ಲಿ ಅಡ್ಡಾಡುವುದಕ್ಕೆ ‘ಗಿಂಬುರಾ’ ಎಂಬ ಶಬ್ದವೇ ಇದೆ. ಗಿಂಜಾದ ನಾಲ್ಕನೇ ಚೋಮೆ ಎಂಬ ಭಾಗದ ನೆಲಕ್ಕೆ ಸರ್ಕಾರ ಪ್ರಕಟಿಸುವ ಬೆಲೆ ಚದರ ಮೀಟರಿಗೆ 5 ಕೋಟಿ ಯೆನ್ ದಾಟಿ ವರ್ಷಗಳಾದವು, ದೇಶದಲ್ಲೇ ಹೆಚ್ಚು. ಅಷ್ಟು ಬೆಲೆಯ ನೆಲವಿದ್ದರೂ ಅಲ್ಲಿನ ವ್ಯಾಪಾರಿಗಳು ಮುಖ್ಯ ಬೀದಿಯಲ್ಲಿ ಕಟ್ಟಡ 56 ಮೀಟರಿಗಿಂತ ಎತ್ತರವಾಗಬಾರದೆಂಬ ನಿಯಮಕ್ಕೆ ಅಂಟಿಕೊಂಡಿದ್ದಾರೆ. ಹೀಗಾಗಿ ಅಲ್ಲಿ ತಲೆ ಎತ್ತಿದರೆ ಆಕಾಶ ಕಾಣುತ್ತದೆ. ನಮ್ಮ ಊರುಗಳ ವ್ಯಾಪಾರಿ ಸಂಘಗಳು ಒಮ್ಮೆ ಕೂತು ಮಾತಾಡಬೇಕಾದ ಸಂಗತಿ ಇದು.

ನಾಲ್ಕು ರಸ್ತೆ ಕೂಡುವಲ್ಲಿ ವಾಕೊ ಕಟ್ಟಡದ ಗಡಿಯಾರ ಗೋಪುರ. ಸೈಕೊ ಗಡಿಯಾರಗಳ ಹತ್ತೋರಿ ಮನೆತನದವರು 1932ರಲ್ಲಿ ಕಟ್ಟಿಸಿದ್ದು. ಎರಡನೆಯ ಮಹಾಯುದ್ಧದ ಬಾಂಬುಗಳಿಗೂ ಉಳಿದುಕೊಂಡಿತು, ಯುದ್ಧ ಮುಗಿದ ಮೇಲೆ ಕೆಲ ವರ್ಷ ಅಮೆರಿಕದ ಸೈನಿಕರ ಅಂಗಡಿಯಾಗಿತ್ತು. ಗಂಟೆ ಬಾರಿಸಿದಾಗ ಮಾಸ್ತರು ತಮ್ಮ ಎಚ್‌ಎಂಟಿ ‘ಜನತಾ’ಗೆ ಚಾವಿ ಕೊಟ್ಟು ಮುಳ್ಳು ಸರಿಮಾಡಿಕೊಂಡರು. ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಶುರುವಾದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಆ ಕಾರ್ಖಾನೆ ಈಗಿಲ್ಲ. ಅದರ ಒಂದು ಗಡಿಯಾರ ಹುಬ್ಬಳ್ಳಿಯ ಮುಂಗೈ ಮೇಲೆ ಕೂತು ತನ್ನ ಗುರುಮನೆಯ ಊರಿಗೆ ಬಂದಿತ್ತು. ಜಪಾನು ಮಾಸ್ತರರಿಗೆ ಇನ್ನೊಂದು ದಾರಿಯಿಂದಲೂ ಗೊತ್ತು. ಗಾರ್ಮೆಂಟ್ಸ್‌ನವರು, ಟೇಲರುಗಳು ‘ಜೂಕಿ’ ಎಂದು ಕರೆಯುವ ಹೊಲಿಗೆ ಮಷೀನು ಟೋಕಿಯೊ ಕಂಪನಿಯದು. ಅವರ ಅಂಗಡಿಯ ಕೊನೆಯ ಹದಿನಾಲ್ಕು ವರ್ಷ ನಡೆದದ್ದು ಅದರ ಮೇಲೆ.

ಗಾಜಿನ ಹಿಂದೆ ನಿಂತ ಬೊಂಬೆಗಳ ಮೇಲೆ ಕೋಟುಗಳಿದ್ದವು. ಮಾಸ್ತರು ಒಂದೊಂದರ ಮುಂದೂ ನಿಂತರು. ಭುಜದ ಹತ್ತಿರ ತೋಳು ಕೂತ ರೀತಿ, ಪಟ್ಟೆಗೆ ಪಟ್ಟೆ ಕೂಡಿಸಿದ ಜಾಗ, ಕಾಲರಿನ ಕೆಳಗಿನ ಬಕ್ರಂ. ಒಳಗಿನ ಮಾರಾಟದ ಹುಡುಗಿ ಹೊರಬಂದು ಬಾಗಿದಳು. ಕೊಳ್ಳುವವರಲ್ಲ ಎಂದು ಅವಳಿಗೆ ತಿಳಿದಿರಲೇಬೇಕು. ಆದರೂ ಬಾಗಿಲು ಹಿಡಿದು ನಿಂತಳು. ಮಾಸ್ತರು ಕೈಸನ್ನೆಯಲ್ಲೇ ತಾನು ಹೊಲಿಯುವವನು ಎಂದು ತೋರಿಸಿದರು, ಬೆರಳಲ್ಲಿ ಸೂಜಿ ಹಿಡಿದಂತೆ. ಅವಳು ಒಳಹೋಗಿ ನಡುವಯಸ್ಸಿನ ಒಬ್ಬರನ್ನು ಕರೆತಂದಳು. ಅವರು ಒಂದು ಕೋಟನ್ನು ಒಳಮೈ ಹೊರಗಾಗಿ ತಿರುವಿ ಅಸ್ತರಿನ ಹೊಲಿಗೆಯನ್ನು ಬೆಳಕಿಗೆ ಹಿಡಿದರು. ಎರಡು ಭಾಷೆ, ನಡುವೆ ಮಾತಿಲ್ಲ. ಮಾಸ್ತರು ಬೆರಳಿಟ್ಟ ಜಾಗವನ್ನೇ ಆತನೂ ತೋರಿಸಬೇಕೆಂದಿದ್ದ. ಕಂಕುಳಿನ ಹತ್ತಿರ ಅಸ್ತರನ್ನು ತುಸು ಸಡಿಲ ಬಿಟ್ಟಿದ್ದರು, ಕೈ ಎತ್ತಿದಾಗ ಹರಿಯದಂತೆ.

ಆ ಹತ್ತು ನಿಮಿಷ ಮಗಳು ದೂರ ನಿಂತು ನೋಡಿದಳು. ಅಂಗಡಿ ಮುಚ್ಚಿದ ಮೇಲೆ ಅಪ್ಪನ ಮುಖದಲ್ಲಿ ಅಂಥ ಕಳೆ ಅವಳು ನೋಡಿರಲಿಲ್ಲ.

ಹಸಿವಾಗಿತ್ತು. ವಾಕೊ ಪಕ್ಕದಲ್ಲೇ ಕಿಮುರಾಯಾ ಬೇಕರಿ, 1869ರಲ್ಲಿ ಶುರುವಾದದ್ದು. ಬ್ರೆಡ್ಡು ಒಗ್ಗದ ಜನಕ್ಕಾಗಿ ಅವರು 1874ರಲ್ಲಿ ಹೊಸ ಬನ್ನು ಮಾಡಿದರು. ಅಕ್ಕಿಯ ಸಾಕೆ ಮದ್ಯದ ಹುದುಗಿನಿಂದ ಹಿಟ್ಟು ಉಬ್ಬಿಸಿ, ಒಳಗೆ ಕೆಂಪು ಅಜುಕಿ ಕಾಳಿನ ಸಿಹಿ ಹೂರಣ ತುಂಬಿದರು. ಹೆಸರು ಆನ್‌ಪಾನ್. 1875ರ ಏಪ್ರಿಲ್ 4ರಂದು ಅದರ ನಡುವಿಗೆ ಉಪ್ಪಲ್ಲಿ ಹಾಕಿಟ್ಟ ಸಕುರಾ ಹೂವೊಂದನ್ನು ಒತ್ತಿ ಮೇಜಿ ಚಕ್ರವರ್ತಿಗೆ ಬಡಿಸಿದರು. ಅಪ್ಪ–ಮಗಳು ಅಲ್ಲಿ ನಿಂತದ್ದು ಅದಾಗಿ ಸರಿಯಾಗಿ 150 ವರ್ಷ ತುಂಬಿದ ದಿನ. ಗೊತ್ತಿದ್ದು ಹೋದದ್ದಲ್ಲ, ಕೂಡಿಬಂದದ್ದು.

ಮಾಸ್ತರು ಬನ್ನು ಮುರಿದರು. ಒಳಗಿನದನ್ನು ನಾಲಿಗೆಗೆ ಹಚ್ಚಿ, “ಇದು ನಮ್ಮ ಹೋಳಿಗಿ ಹೂರಣ ಅಲ್ಲೇನವಾ? ಬ್ಯಾಳಿ ಬ್ಯಾರೆ, ಅಷ್ಟ,” ಎಂದರು. ಕಡಲೆಬೇಳೆಯ ಜಾಗದಲ್ಲಿ ಅಜುಕಿ. ಏಲಕ್ಕಿಯ ಜಾಗದಲ್ಲಿ ಉಪ್ಪು ಹೂವು. ಬೇಯಿಸಿ ಸಿಹಿ ಹಾಕಿ ಅರೆದು ಗೊಟಾಯಿಸುವುದು ಎರಡೂ ಕಡೆ ಒಂದೇ. ಎರಡು ಬನ್ನನ್ನು ಮನೆಯಾಕೆಗೆಂದು ಕಟ್ಟಿಸಿಕೊಂಡರು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅವು ಗಟ್ಟಿಯಾಗಿದ್ದವು. ಆಕೆ ಹಾಲಿನಲ್ಲಿ ಅದ್ದಿ ತಿಂದರು.

ರಾತ್ರಿ ಹೋಟೆಲಿನ ‘ಓಲ್ಡ್ ಇಂಪೀರಿಯಲ್ ಬಾರ್’ಗೆ ಮಗಳು ಕರೆದೊಯ್ದಳು. ಮಾಸ್ತರು ಕುಡಿಯುವವರಲ್ಲ. ಕಿತ್ತಳೆ ರಸ ತರಿಸಿಕೊಂಡರು. ಅವಳು ತೋರಿಸಬೇಕೆಂದದ್ದು ಗೋಡೆಯನ್ನು.

ಈ ಹೋಟೆಲಿನ ಎರಡನೆಯ ಕಟ್ಟಡವನ್ನು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ್ದರು. ತೊಚಿಗಿ ಸೀಮೆಯ ಓಯಾ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು, ಮೆತ್ತನೆಯದು, ಉಳಿಗೆ ಸುಲಭವಾಗಿ ಸಿಗುತ್ತದೆ. ಅದನ್ನು ಜರತಾರಿಯ ಸೆರಗಿನಂತೆ ಕೊರೆಸಿ ಇಟ್ಟಿಗೆಯ ಜೊತೆ ಜೋಡಿಸಿದರು. ಕಟ್ಟಡ ಮುಗಿಯುವ ಮೊದಲೇ ರೈಟ್ ಊರಿಗೆ ಮರಳಿದರು, ಶಿಷ್ಯ ಅರಾತಾ ಎಂಡೊ ಉಳಿದ ಕೆಲಸ ಪೂರೈಸಿದರು. ಉದ್ಘಾಟನೆಗೆ ಗೊತ್ತುಮಾಡಿದ ದಿನ 1923ರ ಸೆಪ್ಟೆಂಬರ್ 1. ಅಂದು ಮಧ್ಯಾಹ್ನ 11 ಗಂಟೆ 58 ನಿಮಿಷಕ್ಕೆ ಭೂಮಿ ನಡುಗಿತು. ಕಾಂತೊ ಭೂಕಂಪದಲ್ಲಿ, ಅದರ ಬೆನ್ನಿಗೆ ಹಬ್ಬಿದ ಬೆಂಕಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಗಿಂಜಾದ ಇಟ್ಟಿಗೆ ಬೀದಿ ಉರಿದುಹೋಯಿತು. ಹೋಟೆಲು ನಿಂತಿತು. ಸ್ವಲ್ಪವೂ ಅಲುಗಲಿಲ್ಲ ಎಂಬ ದಂತಕಥೆ ಆಮೇಲೆ ಬೆಳೆದದ್ದು. ಪೆಟ್ಟು ಬಿದ್ದಿತ್ತು, ಆದರೆ ನಿಂತಿತ್ತು.

ನಡುಕಕ್ಕೆ ಬೀಳದ್ದನ್ನು ಕೊನೆಗೆ ಮನುಷ್ಯರೇ ಕೆಡವಿದರು. ಹಿಬಿಯಾದ ಮೆದು ಮಣ್ಣಿನಲ್ಲಿ ಕಟ್ಟಡ ವರ್ಷ ವರ್ಷ ಕುಸಿಯುತ್ತಿತ್ತು, ಕಲ್ಲು ಉದುರುತ್ತಿತ್ತು, ಬರುವ ಜನಕ್ಕೆ ಕೋಣೆ ಸಾಲುತ್ತಿರಲಿಲ್ಲ. 1968ರಲ್ಲಿ ಅದು ಹೋಯಿತು. ಮುಂಭಾಗವನ್ನು ಮಾತ್ರ ಬಿಡಿ ಬಿಡಿಯಾಗಿ ಬಿಚ್ಚಿ ಐಚಿ ಪ್ರಾಂತ್ಯದ ಇನುಯಾಮಾದಲ್ಲಿರುವ ಮೇಜಿಮುರಾ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಮತ್ತೆ ಜೋಡಿಸಿ ಮುಗಿಸುವಷ್ಟರಲ್ಲಿ 1985 ಬಂದಿತ್ತು. ಅಲ್ಲಿಯೂ ಎಲ್ಲ ಹಳೆಯ ಕಲ್ಲಲ್ಲ, ಉಳಿಯದ ಕಡೆ ಹೊಸದನ್ನು ಕೂಡಿಸಬೇಕಾಯಿತು. ಇನ್ನಷ್ಟು ತುಂಡುಗಳು ಈ ಬಾರಿನ ಗೋಡೆಯಲ್ಲಿವೆ: ಓಯಾ ಕಲ್ಲು, ಸುಟ್ಟಮಣ್ಣಿನ ಬಿಲ್ಲೆ.

ಮಬ್ಬು ಬೆಳಕಿನಲ್ಲಿ ಮಾಸ್ತರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. “ಕೌದಿ,” ಎಂದರು.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೆಂಗಸರು ಕೈಯಲ್ಲಿ ಹೊಲಿಯುವ ಹೊದಿಕೆ ಕೌದಿ. ಮಾಸ್ತರರ ಅಂಗಡಿಯ ಚಿಂದಿ 41 ವರ್ಷ ಹೋಗಿದ್ದು ಓಣಿಯ ಕೌದಿಗಳಿಗೇ. ಚಿಂದಿಯ ಗಂಟು ಒಯ್ದವರ ಮನೆಯಲ್ಲಿ ವರ್ಷ ಬಿಟ್ಟು ಕೌದಿ ನೋಡಿದರೆ, ಯಾವ ತುಂಡು ಯಾರ ಮದುವೆ ಸೂಟಿನದು, ಯಾವುದು ಯಾವ ಶಾಲೆಯ ಯೂನಿಫಾರ್ಮಿನದು ಎಂದು ಅವರು ಹೇಳಬಲ್ಲರು. ಕೆಡವಿದ ಹೋಟೆಲಿನ ತುಂಡನ್ನು ಹೊಸ ಹೋಟೆಲಿಗೆ ಹೊಲಿದಿಟ್ಟ ಗೋಡೆಯ ಮುಂದೆ ಕೂತು ಅವರಿಗೆ ಮೊದಲ ಬಾರಿಗೆ ಆ ಜಾಗ ಪರಕೀಯ ಅನ್ನಿಸಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಿ ಬಂತು. ತೆಳು ಕಾಗದ ಸುತ್ತಿ, ಕಾಲರು ಎದ್ದು ನಿಂತಂತೆ ಮಡಚಿತ್ತು. ಮಾಸ್ತರು ಅದನ್ನು ಕಿಟಕಿಗೆ ಒಯ್ದರು. ಕೆಳಗೆ ಹಿಬಿಯಾ ಉದ್ಯಾನದ ಸಕುರಾ. ಅವರು ಹೊರಗೆ ನೋಡಲಿಲ್ಲ. ಎರಡೂ ಕಫ್ ಪಕ್ಕಪಕ್ಕ ಹಿಡಿದು ಹೊಸ ಗುಂಡಿ ಯಾವುದೆಂದು ಹುಡುಕಿದರು. ಬಣ್ಣ ಅದೇ, ಅಳತೆ ಅದೇ, ನಾಲ್ಕು ತೂತು, ಅಂಚಿನ ದಪ್ಪವೂ ಅದೇ. ಕಡೆಗೆ ಗೊತ್ತಾದದ್ದು ಹಿಂಬದಿಯಿಂದ. ಗುಂಡಿಗೂ ಬಟ್ಟೆಗೂ ನಡುವೆ ದಾರವನ್ನು ಸುತ್ತಿ ಸುತ್ತಿ ಒಂದು ಪುಟ್ಟ ಕಂಬ ಮಾಡಿದ್ದರು, ಕಾಜಾದೊಳಗೆ ಗುಂಡಿ ಸರಾಗವಾಗಿ ಕೂರಲೆಂದು. ಮಾಸ್ತರು ತಾವೇ ಕಲಿತಾಗ ಅವರ ಉಸ್ತಾದರು ಹೇಳಿಕೊಟ್ಟದ್ದೂ ಹಾಗೆಯೇ. ಗಿರಾಕಿ ಹೆಚ್ಚಿ, ಹಬ್ಬದ ಗಡಿಬಿಡಿ ಹೆಚ್ಚಿ ಯಾವಾಗಲೋ ಆ ಸುತ್ತುಗಳು ಅವರ ಕೈಯಿಂದ ಬಿಟ್ಟುಹೋಗಿದ್ದವು. ತಮ್ಮದೇ ಅಂಗಿಗೂ ಅವರು ಸುತ್ತು ಹಾಕಿರಲಿಲ್ಲ.

ಹಳೆ ಹುಬ್ಬಳ್ಳಿಯ ಅಗಸರ ನೆನಪಾಯಿತು ಅವರಿಗೆ. ಪ್ರತಿ ಮನೆಯ ಬಟ್ಟೆಗೂ ಕರಿಗೇರಿನ ರಸದಲ್ಲಿ ಒಂದೊಂದು ಗುರುತು. ಎಷ್ಟು ಒಗೆದರೂ ಹೋಗದು. ಓದು ಬರದವರು, ಆದರೆ ಒಂದು ಮನೆಯ ಟವೆಲು ಇನ್ನೊಂದು ಮನೆಗೆ ಹೋಗುತ್ತಿರಲಿಲ್ಲ.

ನಾಷ್ಟಾಕ್ಕೆ ಸಾಲುಸಾಲು ತಟ್ಟೆ. ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳುವ ಊಟಕ್ಕೆ ಜಪಾನಿನಲ್ಲಿ ‘ಬೈಕಿಂಗು’ ಎನ್ನುತ್ತಾರೆ. ಆ ಶಬ್ದ ಹುಟ್ಟಿದ್ದು ಇದೇ ಹೋಟೆಲಿನಲ್ಲಿ, 1958ರಲ್ಲಿ. ಉತ್ತರ ಯೂರೋಪಿನ ಅಂಥ ಊಟವನ್ನು ಇಲ್ಲಿಗೆ ತಂದಾಗ ಹತ್ತಿರದ ಥಿಯೇಟರಿನಲ್ಲಿ ‘ದಿ ವೈಕಿಂಗ್ಸ್’ ಸಿನಿಮಾ ಓಡುತ್ತಿತ್ತು. ಅದರ ಹೆಸರನ್ನೇ ಇಟ್ಟರು.

ಮಧ್ಯಾಹ್ನ ಗಿಂಜಾದ ಮುಖ್ಯ ಬೀದಿ ಚುವೊದೋರಿಯಲ್ಲಿ ಒಂದೂ ವಾಹನ ಇರಲಿಲ್ಲ. 1970ರ ಆಗಸ್ಟ್ 2ರಿಂದ ನಡೆದುಬಂದ ಪದ್ಧತಿ, ವಾರಾಂತ್ಯದ ಮಧ್ಯಾಹ್ನ ಬೀದಿ ನಡೆಯುವವರಿಗೆ. ರಸ್ತೆ ನಡುವೆ ಕುರ್ಚಿ, ಛತ್ರಿ. ಕಿಮೋನೊ ತೊಟ್ಟ ಅಜ್ಜಿಯೊಬ್ಬಳು ಬಿಳಿ ಗೆರೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡಳು. ಮಗು ಡಾಂಬರಿನ ಮೇಲೆ ಅಂಗಾತ ಮಲಗಿತು. ಈಗ ‘ಗಿಂಜಾ ಸಿಕ್ಸ್’ ಇರುವ ಜಾಗದಲ್ಲಿ ಮೊದಲು ಮತ್ಸುಜಕಾಯಾ ಮಳಿಗೆ ಇತ್ತು. ಭೂಕಂಪದ ಮರುವರ್ಷ, 1924ರಲ್ಲಿ ತೆರೆದ ಆ ಮಳಿಗೆಯಲ್ಲಿ ಗಿರಾಕಿಗಳು ಮೊದಲ ಬಾರಿಗೆ ಬೂಟು ಕಳಚದೆ ಒಳಗೆ ಹೋಗಬಹುದಾಯಿತು. ಅದಕ್ಕೂ ಮುಂಚೆ ಅಂಗಡಿ ಎಂದರೆ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತು ಬಟ್ಟೆ ನೋಡುವ ಕಡೆ. ದುರ್ಗದಬೈಲಿನ ಹಳೇ ಸೀರೆ ಅಂಗಡಿಗಳಲ್ಲಿ ಗಾದಿಯ ಮೇಲೆ ಕೂತು ಸೆರಗು ಬಿಚ್ಚಿಸಿ ನೋಡಿದವರಿಗೆ ಆ ವ್ಯವಹಾರದ ನಿಧಾನ ಗೊತ್ತು.

ಊಟಕ್ಕೆ ಪೂರ್ವ ಗಿಂಜಾದ ‘ನಾಯರ್ಸ್’. ತಿರುವನಂತಪುರದ ಎ. ಎಂ. ನಾಯರ್ ಕ್ಯೋಟೊದಲ್ಲಿ ಎಂಜಿನಿಯರಿಂಗ್ ಓದಲು ಬಂದವರು. ರಾಸ್ ಬಿಹಾರಿ ಬೋಸ್ ಅವರ ಜೊತೆ ಸ್ವಾತಂತ್ರ್ಯದ ಕೆಲಸಕ್ಕೆ ಬಿದ್ದರು, ಬ್ರಿಟಿಷರ ಭಯದಿಂದ ಊರಿಗೆ ಮರಳಲಾಗಲಿಲ್ಲ. ದೇಶ ಸ್ವತಂತ್ರವಾದ ಮೇಲೆ 1949ರಲ್ಲಿ ಇಲ್ಲಿ ಈ ಊಟದ ಮನೆ ತೆರೆದರು. ಹಳದಿ ಅನ್ನ, ಕೋಸು, ಆಲೂಗಡ್ಡೆ, ಬೆಂದ ಕೋಳಿಯ ಕಾಲು. ಬಡಿಸುವವರು ಎಲುಬನ್ನು ಕಣ್ಣೆದುರೇ ಬಿಡಿಸಿ, ಎಲ್ಲ ಸೇರಿಸಿ ಚೆನ್ನಾಗಿ ಕಲಸಿ ತಿನ್ನಿ ಎಂದು ಹೇಳಿಹೋಗುತ್ತಾರೆ. ಕಲಸಿ ತಿನ್ನಲು ಯಾರಾದರೂ ಹೇಳಿಕೊಡಬೇಕೇ ಎಂದು ಮಾಸ್ತರರಿಗೆ ಆಶ್ಚರ್ಯ. ಪಕ್ಕದ ಮೇಜಿನ ಜಪಾನಿ ಗಂಡಸು ಅವರ ಕೈಯನ್ನೇ ನೋಡುತ್ತ ಚಮಚ ಆಡಿಸುತ್ತಿದ್ದ.

ನಾಯರರ ಮನೆಯಿಂದ ತುಸು ದೂರದಲ್ಲೇ ಕಬುಕಿಜಾ ರಂಗಮಂದಿರ. ಹೊರಗಿನ ಚಿತ್ರಪಟಗಳಲ್ಲಿ ಹೆಣ್ಣುವೇಷದ ಗಂಡಸರು. ಹುಬ್ಬಳ್ಳಿಯ ನಾಟಕ ಕಂಪನಿಗಳಿಗೆ ಜರಿಯ ಅಂಗಿ ಹೊಲಿದ ಕೈ ಗಾಜಿನ ಮೇಲೆ ಆ ವೇಷದ ತೋಳಿನ ಅಗಲವನ್ನು ಗೇಣು ಹಾಕಿ ಅಳೆಯಿತು.

ಹೋಟೆಲಿಗೆ ಮರಳುವಾಗ ಮಗಳು ಇನ್ನೊಂದು ಕತೆ ಹೇಳಿದಳು. ಯುದ್ಧಾಪರಾಧಗಳ ವಿಚಾರಣೆಗೆಂದು 1946ರಲ್ಲಿ ಟೋಕಿಯೊಗೆ ಬಂದ 11 ದೇಶಗಳ ನ್ಯಾಯಾಧೀಶರನ್ನು ರೈಟ್ ಕಟ್ಟಿದ ಆ ಇಂಪೀರಿಯಲ್‌ನಲ್ಲೇ ಇಳಿಸಿದ್ದರು. ಅವರಲ್ಲಿ ಬಂಗಾಳದ ರಾಧಾಬಿನೋದ್ ಪಾಲ್ ಒಬ್ಬರು. ಸಂಜೆಯ ಔತಣ ಬಿಟ್ಟು ಕೋಣೆಯಲ್ಲಿ ಕಡತ ಓದುತ್ತಿದ್ದರು. ಆರೋಪಿಗಳೆಲ್ಲರೂ ನಿರ್ದೋಷಿಗಳೆಂದು ಬರೆದ ಭಿನ್ನ ತೀರ್ಪು ಸಾವಿರ ಪುಟ ದಾಟಿತು. ಆ ತೀರ್ಪನ್ನು ಒಪ್ಪದವರು ಇಂದಿಗೂ ಬಹಳ, ಜಪಾನಿನ ಸೇನೆ ಏಷ್ಯಾದಲ್ಲಿ ನಡೆಸಿದ ಕ್ರೌರ್ಯವನ್ನು ಮರೆಯಲಾಗದು. ಆದರೂ ಇದೇ ನೆಲದ ಮೇಲಿದ್ದ ಕೋಣೆಯೊಂದರಲ್ಲಿ ದೀಪ ಹಚ್ಚಿಕೊಂಡು ಒಬ್ಬ ಮನುಷ್ಯ ಒಂಟಿಯಾಗಿ ಕೂತಿದ್ದ ಎಂಬುದು ಮಾಸ್ತರರನ್ನು ಹಿಡಿದಿಟ್ಟಿತು.

ಭಾನುವಾರ ಕೋಣೆ ಬಿಡುವ ಹೊತ್ತು. ಮಾಸ್ತರು ಮೇಜಿನ ಮೇಲಿನ ಚೂರುಪಾರು ಕೂಡಿಸಿ ಕಸದ ಬುಟ್ಟಿಗೆ ಹಾಕಿದರು: ಬನ್ನಿನ ಕಾಗದ, ಹರಿದ ಟಿಕೆಟ್ಟು, ಏನೋ ಗೀಚಿದ ಚೀಟಿ.

“ನೋಡ್ಕೊಂಡು ಹಾಕ್ರಿ ಅಪ್ಪಾ. ಆದ್ರೂ ಚಿಂತಿಲ್ಲ, ಇವರು ಕಸಾನೂ ಒಂದು ದಿನ ತಗದಿಡ್ತಾರ.”

“ಕಸಾ ಯಾಕ?”

“ಯಾರರ ತಪ್ಪಿ ಚಲೋದು ಹಾಕಿರ್ತಾರ, ಹೋದಮ್ಯಾಲೆ ನೆನಪಾಗಿ ಕೇಳ್ತಾರ ಅಂತ. ಒಂದು ದಿನಾ ಕಾದು ಆಮ್ಯಾಲೆ ಚೆಲ್ತಾರ.”

ಮಾಸ್ತರು ಮಂಚದ ಅಂಚಿಗೆ ಕೂತರು. ಟ್ಯಾಕ್ಸಿ ಬಂದಿದೆ ಎಂದರೂ ಏಳಲಿಲ್ಲ. ಎರಡು ವರ್ಷದಿಂದ ಯಾರಿಗೂ ಹೇಳದ ಮಾತನ್ನು ಅಲ್ಲಿ ಮಗಳಿಗೆ ಹೇಳಿದರು.

ಯಾವ ಟೇಲರ್ ಅಂಗಡಿಯಲ್ಲೂ ಒಯ್ಯದೆ ಉಳಿದ ಬಟ್ಟೆಯ ಗಂಟೊಂದು ಇರುತ್ತದೆ. ಅವರಲ್ಲಿ ರೈಲ್ವೆಯ ಟಿಕೆಟ್ ಕಲೆಕ್ಟರೊಬ್ಬರ ಕರೀ ಕೋಟು ಇತ್ತು. ಅಸ್ತರ್ ಬದಲಿಸಲು ಕೊಟ್ಟುಹೋದವರು ಬರಲೇ ಇಲ್ಲ. ಕೆಲಸ ಮುಗಿಸಿ, ಚೀಟಿ ಪಿನ್ನು ಮಾಡಿ ಮೇಲಿನ ಹಲಗೆಯಲ್ಲಿಟ್ಟರು. ದೀಪಾವಳಿಗೊಮ್ಮೆ ಇಳಿಸಿ ಬಿಸಿಲಿಗೆ ಹಾಕಿ ಮತ್ತೆ ಏರಿಸುವುದು. ಹೀಗೆ 11 ವರ್ಷ. ಅಂಗಡಿ ಖಾಲಿ ಮಾಡುವ ವಾರ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವಾಕೆ ಬಾಗಿಲಿಗೆ ಬಂದಳು. ಗಂಟನ್ನು ಮಾಸ್ತರು ತಾವೇ ಎತ್ತಿಕೊಟ್ಟರು. ಕೊಡುವ ಮುಂಚೆ ರೂಢಿಯಂತೆ ಬ್ಲೇಡಿನಿಂದ ಗುಂಡಿಗಳನ್ನು ಬಿಡಿಸಿಕೊಂಡರು. ಬಂದದ್ದು ಮುಚ್ಚಳದ ಒಂದು ಡಬ್ಬಿ.

ನಾಲ್ಕನೇ ದಿನ ಬಡಗಿ ಹಲಗೆ ಕೀಳುತ್ತಿರುವಾಗ ಒಬ್ಬ ಹುಡುಗ ಬಂದ. ಕೈಯಲ್ಲಿ ಹಳದಿಯಾದ ಚೀಟಿ, ನಂಬರ್ 312, ಮಾಸ್ತರರದೇ ಅಕ್ಷರ. ತಂದೆ ಕೋಟು ಕೊಟ್ಟ ತಿಂಗಳೇ ತೀರಿಕೊಂಡಿದ್ದರು. ಟ್ರಂಕು ತೆಗೆದಾಗ ಈಗ ಚೀಟಿ ಸಿಕ್ಕಿತ್ತು. ಇಲ್ಲ ಎಂದಾಗ ಹುಡುಗ ಜಗಳ ಮಾಡಲಿಲ್ಲ. “ಇರಲಿ ಬಿಡ್ರಿ ಮಾಸ್ತರ್, ಭಾಳ ವರ್ಷಾತು,” ಎಂದು ಚೀಟಿಯನ್ನು ಕಟಿಂಗ್ ಟೇಬಲ್ ಮೇಲಿಟ್ಟು ಹೋದ. ಹೆಸರು, ಓಣಿ ಏನನ್ನೂ ಇವರು ಕೇಳಲಿಲ್ಲ. ಬಾಯಿ ಬರಲಿಲ್ಲ.

“ಹನ್ನೊಂದು ವರ್ಷ ಇಟ್ಟಿದ್ರಿ ಅಪ್ಪಾ,” ಎಂದಳು ಮಗಳು.

“ಇನ್ನ ನಾಕು ದಿನಾ ಇಡಬೇಕಿತ್ತು.”

ಅವಳಿಗೆ ಏನು ಹೇಳಲೂ ತೋಚಲಿಲ್ಲ. ಕೆಳಗೆ ಅದೇ ದ್ವಾರಪಾಲಕ ಚೀಲ ಇಟ್ಟ, ಬಾಗಿದ, ಟ್ಯಾಕ್ಸಿ ತಿರುವು ದಾಟುವವರೆಗೂ ಬಾಗಿಯೇ ಇದ್ದ.

ಹುಬ್ಬಳ್ಳಿಗೆ ಬಂದ ಮೇಲೆ ಮಾಸ್ತರು ಆ ಡಬ್ಬಿ ತೆಗೆದರು. ಅದರಲ್ಲಿ ಬರೀ ಗುಂಡಿ, 41 ವರ್ಷದವು. ಚಾಪೆ ಹಾಸಿ ಸುರಿದು, ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ, ತೂತಿನ ಲೆಕ್ಕಕ್ಕೆ ಬೇರೆ ಬೇರೆ ಮಾಡಲು ಮೂರು ಮಧ್ಯಾಹ್ನ ಹಿಡಿಯಿತು. ಎಣಿಸಿದರೆ 134 ಬಗೆ. ಕರೀ ಕೋಟಿನ ಗುಂಡಿಗಳು ಸಿಕ್ಕವು, ಮುಂದಿನ ಮೂರು, ತೋಳಿನ ಆರರಲ್ಲಿ ಐದು. ಒಂದೇ ದಾರದಲ್ಲಿ ಪೋಣಿಸಿ, 312ರ ಚೀಟಿಯ ಜೊತೆ ಲಕೋಟೆಗೆ ಹಾಕಿದರು. ಅಳತೆ ಪುಸ್ತಕದ ಆ ಪುಟವೂ ಇತ್ತು: ಎದೆ 38, ತೋಳು 23½. ಆ ಅಳತೆಗೆ ಹೊಸ ಕೋಟು ಹೊಲಿಯಬಹುದು ಎಂದು ಮಗಳು ಫೋನಿನಲ್ಲಿ ಹೇಳಿದಾಗ ಅವರು ಸುಮ್ಮನಿದ್ದರು. ಬಾರಿನ ಗೋಡೆಯ ಕಲ್ಲನ್ನು, ಇನುಯಾಮಾದಲ್ಲಿ ಹೊಸ ಕಲ್ಲು ಕೂಡಿಸಿ ಕಟ್ಟಿದ ಬಾಗಿಲನ್ನು ನೆನೆಯುತ್ತಿದ್ದರೇನೋ.

ಮರುದಿನ ಲಕೋಟೆ ಹಿಡಿದು ಗಲ್ಲಿಗೆ ಹೋದರು. ಅವರ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಎದುರಿನ ಚಹಾದಂಗಡಿ ಮಾತ್ರ ಹಾಗೇ ಇದೆ. ಹುಡುಗನ ಚಹರೆ ಹೇಳಿ, ಬಂದರೆ ಕೊಡು ಎಂದು ಲಕೋಟೆಯನ್ನು ಗಲ್ಲಾದವನ ಕೈಗಿಟ್ಟರು. ಅವನು ಅಲುಗಾಡಿಸಿ ನೋಡಿ, ದೇವರ ಫೋಟೊದ ಹಿಂದೆ ಸಿಕ್ಕಿಸಿದ.

“ಎಷ್ಟ ದಿನಾ ಇಡ್ಲಿರಿ ಮಾಸ್ತರ್?”

ಚಹಾ ಬಿಸಿಯಿತ್ತು. ಬಸಿಗೆ ಸುರುವಿಕೊಂಡು ಊದಿದರು.

“ಇರವಲ್ದ್ಯಾಕ,” ಎಂದರು.